ನಮ್ಮ ಜಡ್ಜಮ್ಮನಿಗೆ ಪಟ್ಟ

ಮಿಲ್ಪಿಟಾಸ್
೯ ನವೆಂಬರ್ ೧೯೮೪

ಪ್ರೀತಿಯ ಸತ್ಯಕ್ಕನಿಗೆ ನಮಸ್ಕಾರ.

ಗೆದ್ದೆವು ಕಣೇ ಅಕ್ಕ. ನಮ್ಮ ಜಡ್ಜಮ್ಮ ಹ್ಯಾರಿಯೆಟ್ ಡೋಲನ್ ಸುಪ್ರೀಂ ಕೋರ್ಟಿಗೆ ಏರಿದರು. ಇಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ಸುಪ್ರೀಂ ಕೋರ್ಟು. ಗವರ್ನರ್ ಒಬ್ಬರ ಹೆಸರು ಸೂಚಿಸಿದರೆ ಸಾಲದು, ಮೂರು ಜನ ದೊಡ್ಡವರು ಕೂತು, ಜನರ ಮಾತು ಕೇಳಿ, ಒಪ್ಪಬೇಕು. ನಿನ್ನೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ ಸಭೆ. ಫ್ಯಾಕ್ಟರಿಗೆ ರಜೆ ಹಾಕಿ, ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಏರಿಸಿಕೊಂಡು ನಾನೂ ಹೋಗಿದ್ದೆ.

ಆಕೆಯೇನು ಸಿರಿವಂತರ ಮಗಳಲ್ಲ. ಅಪ್ಪ ಸ್ಯಾನ್ ಹೋಸೆಯಲ್ಲಿ ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿದ್ದರಂತೆ. ಲಾ ಓದಿ ಕ್ಲಾಸಿಗೇ ಮೊದಲು ಬಂದರೂ ವಕೀಲರ ಆಫೀಸಿನಲ್ಲಿ ಟೈಪಿಂಗ್ ಬರುತ್ತಾ ಅಂತ ಕೇಳಿದರಂತೆ. ಬರುತ್ತೆ, ನನ್ನ ವಾದ ನಾನೇ ಟೈಪ್ ಮಾಡಿಕೊಳ್ತೀನಿ ಅಂದರಂತೆ. ಬಡವರ ಕೇಸು ನಡೆಸುತ್ತಾ ನಡೆಸುತ್ತಾ ಫ್ಯಾಮಿಲಿ ಕೋರ್ಟಿನ ಜಡ್ಜಾದರು.

ನನ್ನ ಕೇಸು ಬಂದದ್ದು ಆಗಲೇ. ನಮ್ಮಪ್ಪನ ಕೈಗೆ ಕಾಗದ ಸಿಕ್ಕೀತು ಅಂತ ನಿನಗೆ ಇದನ್ನೆಲ್ಲ ಬಿಡಿಸಿ ಬರೆದಿರಲಿಲ್ಲ. ಜಗಳವಾದ ದಿನ, ಎರಡು ದಿನ ಇದ್ದು ಬರೋಣ ಅಂತ ವಾಲ್ನಟ್ ಕ್ರೀಕಿನಲ್ಲಿರುವ ಗೆಳತಿ ನಿರುಪಮಾ ಮನೆಗೆ ಹೊರಟೆ. ಬಾಗಿಲಲ್ಲಿ ಹೋಗಿಬರ್ತೀನಿ ಅಂದೆ. ನನ್ನ ಗಂಡನಾಗಿದ್ದ ಶ್ರೀಕಂಠ ಕೋರ್ಟಿನಲ್ಲಿ ಅದನ್ನು ಇಂಗ್ಲಿಷ್ ಮಾಡಿ, ಹೋಗ್ತೀನಿ ಅಂದಳು, ಮಗುವನ್ನು ಬಿಟ್ಟೇ ಹೋದಳು ಅಂದ. ನನ್ನ ಇಂಗ್ಲಿಷೋ ದೇವರಿಗೇ ಪ್ರೀತಿ. ಹೌದೌದು ಅಂತ ತಲೆಯಾಡಿಸಿಬಿಟ್ಟೆ. ಮಗ ಅರವಿಂದ ಕೈತಪ್ಪಿ ಹೋಗುವುದರಲ್ಲಿದ್ದ. ಜಡ್ಜಮ್ಮ ಪೆನ್ನು ಕೆಳಗಿಟ್ಟು, ನಿಮ್ಮ ಭಾಷೆಯಲ್ಲೇ ಹೇಳಿ, ಬಿಡಿಬಿಡಿಯಾಗಿ ಅರ್ಥ ಹೇಳಿ ಅಂದರು. ಹೋಗಿ, ಆಮೇಲೆ ಬರ್ತೀನಿ ಅಂದೆ. ಬರೀ ಹೋಗ್ತೀನಿ ಅಂದರೆ ನಮ್ಮಲ್ಲಿ ಅಪಶಕುನ ಅಂತಲೂ ಹೇಳಿದೆ. ಹಾಗಾದರೆ ಈಕೆ ವಾಪಸು ಬರುತ್ತೇನೆಂದು ಹೇಳಿಯೇ ಹೊರಟಿದ್ದಾಳೆ ಅಂತ ಮಗನನ್ನು ನನಗೇ ಕೊಟ್ಟರು.

ನಿನ್ನೆ ಅವರಿಗಾಗದ ವಕೀಲನೊಬ್ಬ ಅದನ್ನೇ ಎತ್ತಿದ. ಯಾವುದೋ ದೇಶದ ಒಂದು ಮಾತು ನಂಬಿ ತಂದೆಯಿಂದ ಮಗನನ್ನು ಕಿತ್ತವರು ಸುಪ್ರೀಂ ಕೋರ್ಟಿಗೆ ಯೋಗ್ಯರೇ ಅಂದ. ಮಾತಾಡುತ್ತೇನೆ ಅಂತ ಹೆಸರು ಕೊಟ್ಟಿದ್ದರೂ ಅಲ್ಲಿಯತನಕ ಧೈರ್ಯವಿರಲಿಲ್ಲ. ನೀನೇ ಬಾಯಿಸತ್ತವಳು ಅಂತಿದ್ದೆಯಲ್ಲ. ಆದರೆ ಮೈಯೆಲ್ಲ ಉರಿದುಹೋಯಿತು. ಗ್ರಾಮರ್ರು ಹಾಳಾಗಿ ಹೋಗಲಿ ಅಂತ ಮೈಕಿನ ಮುಂದೆ ನಿಂತೆ. ಅದು ಯಾವುದೋ ಮಾತಲ್ಲ, ನನ್ನ ಮಾತು, ಈ ದೇಶದಲ್ಲಿ ಅದನ್ನು ಪೂರ್ತಿ ಕೇಳಿದವರು ಇವರೊಬ್ಬರೇ ಅಂದೆ. ವಕೀಲನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಮೂವರೂ ಒಪ್ಪಿದರು. ಜಡ್ಜಮ್ಮ ಇಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಅಮ್ಮನಿಗೂ ಓದಿ ಹೇಳು. ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ಹೆಮ್ಮೆಯಿಂದ ಬೀಗುತ್ತಿರುವ ನಿನ್ನ
ಜಲಜಾ

ತಾ.ಕ.: ಒಂದನ್ನು ಬೇಕಂತಲೇ ಬಿಟ್ಟೆ, ಜಂಬ ನನ್ನೊಬ್ಬಳದೇ ಇರಲಿ ಅಂತ. ನಾನು ಮಾತಾಡಿ ಕೂತ ಮೇಲೂ ಮೂವರಲ್ಲಿ ಒಬ್ಬರಿಗೆ ಅನುಮಾನವಿತ್ತು. ಆಗ ಹಿಂದಿನ ಸಾಲಿನಿಂದ ಶ್ರೀಕಂಠ ಎದ್ದರು. ಆ ತಂದೆ ನಾನೇ, ಆ ಮಾತಿನ ಅರ್ಥ ಗೊತ್ತಿದ್ದೂ ಅರ್ಧವನ್ನೇ ಹೇಳಿದೆ, ಇವರ ತೀರ್ಪು ಸರಿ ಅಂದರು. ನೋಡು, ಬಹುವಚನ ತಾನಾಗಿಯೇ ಬಂದುಬಿಟ್ಟಿದೆ. ಹಾಗಂತ ನಾನವರನ್ನು ಮನೆಗೇನೂ ಕರೆಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅರವಿಂದನಿಗೆ, ನಿಮ್ಮಪ್ಪ ಇವತ್ತು ಎಲ್ಲರೆದುರು ನಿಜ ಹೇಳಿದರು ಅಂದೆ. ಅವನು ತಟ್ಟೆಯಿಂದ ತಲೆ ಎತ್ತದೆ, ಇನ್ನೊಂದು ಸಲ ಹೇಳು ಅಂತ ಇಂಗ್ಲಿಷಿನಲ್ಲಿ ಅಂದ. ಹೇಳಿದೆ.