ಓಡುವಾಗ ಹಿಂದಿನ ಸೀಟು ಖಾಲಿ

ಡೋಣಿ ಸೀಮೆಯ ಕರಿಮಟ್ಟಿ,
ಇಸವಿ ೨೨೪೭, ಎರಡನೇ ಬೇಸಿಗೆಯ ಐವತ್ತೊಂದನೆಯ ದಿನ, ಸಂಜೆ

ನಮಗಿಂತ ಮೊದಲು ಗಾಡಿ ಓಡಿಸಿದ ಹಿರಿಯರೆಲ್ಲರಿಗೂ ಶರಣು.

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬಿಟ್ಟುಹೋದ ವಿಡಿಯೋಗಳಿಂದ, ಅದೂ ಗಾಡಿಗಳ ವಿಡಿಯೋಗಳಿಂದ ಮಾತ್ರ. ಹಾಗಾಗಿ ಪಿಕಪ್, ಮೈಲೇಜು, ಸನ್‌ರೂಫ್ ಎಂಬ ಮಾತುಗಳು ನನಗೆ ಸಲೀಸು; ಹಿರಿಯರಿಗೆ ಕಾಗದ ಬರೆಯುವ ರೀತಿ ರಿವಾಜು ಗೊತ್ತಿಲ್ಲ. ನನ್ನ ಹೆಸರು ಶಾವಂತ್ರೆವ್ವ. ನಾನು ಈ ಸೀಮೆಯ ಓಟಗಾತಿ, ಅಂದರೆ ಇಲ್ಲಿ ಗಾಡಿಯನ್ನು ಜೋರಾಗಿ ಓಡಿಸಲು ಅಪ್ಪಣೆ ಇರುವುದು ನನಗೊಬ್ಬಳಿಗೇ. ಇವತ್ತು ನನಗೆ ದಾರಿಯೇ ತೋಚುತ್ತಿಲ್ಲ. ಅದಕ್ಕೇ ಬರೆಯಲು ಕೂತೆ.

ನಮ್ಮಲ್ಲಿ ಎಲ್ಲರೂ ಓಡಾಡುವುದು ನಡೆಬಂಡಿಯಲ್ಲಿ. ಮೇಲೆ ಬಿಸಿಲು ಕುಡಿಯುವ ಚಾವಣಿ, ಕೆಳಗೆ ನಾಲ್ಕು ಗಾಲಿ, ಎತ್ತಿನ ನಡಿಗೆಗಿಂತ ಒಂದಿಷ್ಟು ಜೋರು. ಮುದುಕಿಯರು ಹೋಗುತ್ತಿರುವ ಬಂಡಿಯಿಂದಲೇ ಇಳಿದು, ಸೊಪ್ಪಿಗೆ ಚೌಕಾಸಿ ಮಾಡಿ, ಮತ್ತೆ ಅದೇ ಬಂಡಿ ಹತ್ತುತ್ತಾರೆ. ಜೋಳ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಅರ್ಧಕ್ಕರ್ಧ ಈಗ ಬೆಳಕಿನ ಹೊಲ. ಗಾಜಿನ ಹಲಗೆಗಳ ನೆರಳಿನಲ್ಲಿ ಕುರಿ ಮೇಯುತ್ತವೆ, ಹಲಗೆಗಳ ಮೇಲೆ ಹಪ್ಪಳ ಒಣಹಾಕಿದ ಹೆಂಗಸರು ಕಾವಲುಗಾರನಿಂದ ಬೈಸಿಕೊಳ್ಳುತ್ತಾರೆ. ಇಲ್ಲಿ ಯಾರಿಗೂ ಅವಸರವಿಲ್ಲ. ಅವಸರ ಬರುವುದು ಹಾವು ಕಡಿದಾಗ, ಇಲ್ಲವೇ ಹೆರಿಗೆ ಕಷ್ಟವಾದಾಗ. ಆಸ್ಪತ್ರೆ ನದಿಯಾಚೆ ಇದೆ. ಅದಕ್ಕೆಂದೇ ನಿಮ್ಮ ಕಾಲದ ಎರಡು ಭಾರಿ ಎಸ್‌ಯುವಿಗಳನ್ನು ಉಳಿಸಿಕೊಂಡಿದ್ದೇವೆ. ಮೈ ನಿಮ್ಮದು, ಬ್ಯಾಟರಿ ನಮ್ಮದು. ಒಂದು ಕರಿಯ, ಇನ್ನೊಂದು ಬೂದ. ಯಾವ ಕಂಪನಿಯವೋ ಗೊತ್ತಿಲ್ಲ; ಮೂತಿಯ ಮೇಲಿನ ಗುರುತು ಆಯುಧಪೂಜೆಯ ಕುಂಕುಮ ಹಚ್ಚಿ ಹಚ್ಚಿ, ತಿಕ್ಕಿ ತಿಕ್ಕಿ ಸವೆದುಹೋಗಿದೆ.

ಈಗ ಬ್ಯಾಟರಿಗಳು ಮುದಿಯಾಗಿವೆ. ಒಂದು ಗಾಡಿಯನ್ನು ಬಿಚ್ಚಿ, ಅದರ ಬ್ಯಾಟರಿಯನ್ನು ಇನ್ನೊಂದಕ್ಕೆ ಜೋಡಿಸಿದರೆ ಮಾತ್ರ ಒಂದಾದರೂ ಉಳಿಯುತ್ತದೆ. ಯಾವುದನ್ನು ಉಳಿಸುವುದು? ಗಾಡಿಗಳ ಉಸ್ತುವಾರಿ ನೋಡುವ ಹಿರಿಯರನ್ನು ನಾವು ಗಾಲಿಗೌಡರು ಎನ್ನುತ್ತೇವೆ. ಈಗಿನ ಗಾಲಿಗೌಡರು ಮಲಕಾಜಪ್ಪನವರು. ನಿಮ್ಮ ವಿಡಿಯೋಗಳಲ್ಲಿ ಇರುವ ಹಾಗೆಯೇ ಪರೀಕ್ಷೆ ಆಗಲಿ ಎಂದರು ಅವರು. ನೇರ ರಸ್ತೆ, ನಿಂತಲ್ಲಿಂದ ನೂರರ ವೇಗವನ್ನು ಯಾವುದು ಬೇಗ ಮುಟ್ಟುತ್ತದೋ ಅದು ಗೆದ್ದಂತೆ. ಆ ಓಟದ ಹೊತ್ತಿಗೆ ನಿಮ್ಮ ಗಾಡಿಗಳ ಹಿಂದಿನ ಸೀಟು ಯಾವಾಗಲೂ ಖಾಲಿ ಇರುತ್ತದೆ. ಅದನ್ನು ನೋಡಿ ನೋಡಿ ನಮ್ಮಲ್ಲಿ ಅದೇ ಒಂದು ಶಾಸ್ತ್ರವಾಗಿಬಿಟ್ಟಿದೆ. ಪರೀಕ್ಷೆಯ ಗಾಡಿಯಲ್ಲಿ ಹಿಂದೆ ಯಾರೂ ಕೂರಬಾರದು, ಕೂತರೆ ಅಪಶಕುನ. ಗಾಲಿಗೆ ನಿಂಬೆಹಣ್ಣು ಇಡುವ ಭಕ್ತಿಯಲ್ಲೇ ಹಿಂದಿನ ಸೀಟನ್ನೂ ಒರೆಸಿ ಖಾಲಿ ಮಾಡುತ್ತಾರೆ.

ನಿನ್ನೆ ಎರಡನ್ನೂ ನಾನೇ ಓಡಿಸಿದೆ. ಕರಿಯನ ಪಿಕಪ್ ಏನು ಹೇಳಲಿ! ಕಾಲು ಒತ್ತಿದ್ದೇ ತಡ, ಬೆನ್ನು ಸೀಟಿಗೆ ಅಂಟಿಕೊಂಡಿತು, ನಾಲ್ಕು ಎಣಿಸುವುದರೊಳಗೆ ನೂರು. ಬೂದ ದಪ್ಪ ಮೈಯವನು, ಉಂಡು ಎದ್ದವನ ಹಾಗೆ ಹೊರಡುತ್ತಾನೆ, ಏಳು ಎಣಿಸಬೇಕಾಯಿತು. ಜನ ಕರಿಯನಿಗೆ ಸಿಳ್ಳೆ ಹೊಡೆದರು. ಪಿಕಪ್ ಬೇಡ ಎಂದು ನಾನೂ ಹೇಳುವುದಿಲ್ಲ. ಆಸ್ಪತ್ರೆಯ ದಾರಿಯಲ್ಲಿ ಪ್ರತಿ ಬೆಳಕಿನ ಹೊಲಕ್ಕೂ ಒಂದು ಗೇಟು. ಪ್ರತಿ ಗೇಟಿನಲ್ಲೂ ನಿಂತು, ಮುಖ ತೋರಿಸಿ, ಮತ್ತೆ ಹೊರಡಬೇಕು. ಹೋದ ವರ್ಷ ಹಾವು ಕಡಿದ ಕುರಿಗಾರ ಸಿದ್ಧಗೊಂಡನನ್ನು ಬೂದನಲ್ಲಿ ಒಯ್ದೆ. ಕೊನೆಯ ಗೇಟಿನ ಹತ್ತಿರ ಅವನ ಜೀವ ಹೋಯಿತು.

ಈಗ ನನ್ನ ಮಗಳು ನೀಲಗಂಗಾ ದಿನ ತುಂಬಿದ ಬಸುರಿ. ಮಗು ಅಡ್ಡ ಇದೆ ಎಂದಿದ್ದಾಳೆ ಸೂಲಗಿತ್ತಿ. ನೋವು ಬಂದ ಕೂಡಲೇ ಆಸ್ಪತ್ರೆಗೆ ಮುಟ್ಟಿಸಬೇಕಂತೆ, ದಾರಿಯಲ್ಲಿ ಮೈ ಕುಲುಕಬಾರದಂತೆ. ಎರಡೂ ಒಟ್ಟಿಗೆ ಹೇಗೆ ಆಗಬೇಕು ಎಂಬುದನ್ನು ಆಕೆ ಹೇಳಲಿಲ್ಲ. ನಿನ್ನೆ ಎಲ್ಲರೂ ಕರಿಯನಿಗೆ ಹಾರ ಹಾಕುತ್ತಿದ್ದಾಗ ಮಗಳು ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದು, ಗಾಡಿಯನ್ನೇ ನೋಡುತ್ತಾ ನಿಂತಳು. ಆಮೇಲೆ ಮೆಲ್ಲಗೆ ಕೇಳಿದಳು.

"ಯವ್ವಾ, ಇದು ಓಡತೈತಿ ಖರೆ. ನನ್ನ ಹಿಂದ ಮಲಗಿಸ್ಕೊಂಡು ಓಡತೈತೇನು?"

ಆ ಪ್ರಶ್ನೆಯನ್ನು ಅಷ್ಟು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ.

ಇವತ್ತು ಬೆಳಗ್ಗೆ ನನ್ನ ತಮ್ಮ ರಾಯಗೊಂಡನನ್ನು ಬಸುರಿಯ ಲೆಕ್ಕದಲ್ಲಿ ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಹೊಟ್ಟೆಗೇನೂ ಕೊರತೆ ಇರಲಿಲ್ಲ, ದೇವರು ಮೊದಲೇ ಕೊಟ್ಟಿದ್ದಾನೆ. ಕರಿಯ ಜಿಗಿದಾಗ ಸೀಟಿನ ಬೆನ್ನಿಗೆ ಅಪ್ಪಳಿಸಿದ; ಗೇಟಿನಲ್ಲಿ ಬ್ರೇಕ್ ಒತ್ತಿದಾಗ ಮೂಟೆಯ ಹಾಗೆ ಕೆಳಗೆ ಉರುಳಿದ. ಮೆಲ್ಲಗೆ ಓಡಿಸೋಣವೆಂದರೆ ಕರಿಯನಿಗೆ ಮೆಲ್ಲಗೆ ಎಂಬುದೇ ಗೊತ್ತಿಲ್ಲ, ಪ್ರತಿ ತಗ್ಗಿನಲ್ಲೂ ಬೆನ್ನುಮೂಳೆಗೇ ಹೊಡೆಯುತ್ತಾನೆ. ಬೂದನಲ್ಲಿ ತಮ್ಮ ಗೊರಕೆ ಹೊಡೆದ. ಓಡಿಹೋಗಿ ಗಾಲಿಗೌಡರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಕೂರಿಸಿ ನೀರು ಕೊಟ್ಟು, "ಹಿರ್ಯಾರು ಹಿಂಗ ಪರೀಕ್ಷೆ ಮಾಡಿದ್ದು ಒಂದ ವಿಡಿಯೋ ಆದ್ರೂ ತೋರಸವ್ವಾ, ಬೂದನ್ನ ಉಳಸ್ತೀನಿ" ಎಂದರು. ನಿಮ್ಮ ವಿಡಿಯೋಗಳನ್ನು ಕೂಡಿಟ್ಟಿರುವ ಉಗ್ರಾಣದಲ್ಲಿ ಮಧ್ಯಾಹ್ನವೆಲ್ಲ ಹುಡುಕಿದೆ. ಪರದೆ ಎಷ್ಟು ದೊಡ್ಡದು ಎಂದು ಹೇಳಿದ್ದೀರಿ. ದೀಪ ಎಷ್ಟು ಬಣ್ಣಕ್ಕೆ ತಿರುಗುತ್ತದೆ ಎಂದು ಹೇಳಿದ್ದೀರಿ. ಹಿಂದೆ ಕೂತು ಮೊಣಕಾಲಿಗೆ ಜಾಗ ಇದೆಯೇ ಎಂದೂ ನೋಡಿದ್ದೀರಿ, ಆದರೆ ಗಾಡಿ ನಿಂತಿದ್ದಾಗ. ನಾನು ನೋಡಿದ ಒಂದರಲ್ಲೂ ಓಟ ಮುಗಿದ ಮೇಲೆ ಹಿಂದಿನ ಬಾಗಿಲು ತೆರೆದು, ಹೇಗಿದ್ದೀರಿ ಎಂದು ಯಾರೂ ಕೇಳಿಲ್ಲ. ನಾಳೆ ಬೆಳಗ್ಗೆ ಬೂದನನ್ನು ಬಿಚ್ಚುತ್ತಾರೆ.

ಈ ಕಾಗದವನ್ನು ಹಿಂದಂಚೆಗೆ ಹಾಕುತ್ತೇನೆ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುತ್ತದೆ ಎಂದು ಜನ ನಂಬಿರುವ ಪೆಟ್ಟಿಗೆ ಅದು. ಉತ್ತರ ಬಂದವರನ್ನು ನಾನಂತೂ ಕಂಡಿಲ್ಲ. ಮುಟ್ಟಿದರೆ ದಯವಿಟ್ಟು ಒಂದೇ ಒಂದು ವಿಡಿಯೋ ಮಾಡಿ. ಎರಡು ಗಾಡಿ ಹೋಲಿಸಿ, ಹಿಂದೆ ಒಬ್ಬರನ್ನು ಮಲಗಿಸಿಕೊಂಡು ಓಡಿಸಿ, ಅವರು ಏನು ಹೇಳುತ್ತಾರೆಂದು ಕೇಳಿಸಿ. ನಾಳೆ ಅದು ನಮ್ಮ ಉಗ್ರಾಣದಲ್ಲಿ ಸಿಕ್ಕೀತು. ನಿಮಗೆ ಇನ್ನೂರು ವರ್ಷ ಸಮಯವಿದೆ, ನನಗೆ ಬೆಳಗಾಗುವವರೆಗೆ ಮಾತ್ರ.

ಇಷ್ಟು ಬರೆಯುವಾಗ ನೀಲಗಂಗಾ ಒಳಗಿನಿಂದ ಕರೆದಳು. ನೋವು ಶುರುವಾಗಿದೆ. ಎರಡೂ ಕೀಲಿ ಗೂಟಕ್ಕೆ ನೇತಾಡುತ್ತಿದ್ದವು, ಬೂದನದನ್ನು ತೆಗೆದುಕೊಂಡೆ. ಗಾಲಿಗೌಡರು ನಾಳೆ ನನ್ನ ಅಪ್ಪಣೆ ಕಿತ್ತುಕೊಳ್ಳಲಿ. ನನ್ನ ಹೆದರಿಕೆ ಅದಲ್ಲ. ಸಿದ್ಧಗೊಂಡನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ತಡವಾದರೂ ಸಾವು, ಕುಲುಕಿದರೂ ಸಾವು ಎಂದರೆ ತಾಯಿಯಾದವಳು ಯಾವ ಕೀಲಿ ಹಿಡಿಯಬೇಕು, ನೀವೇ ಹೇಳಿ. ಒಮ್ಮೆ ಹಾಗೆ ಓಡಿಸಿ ನೋಡಿದ್ದರೆ ನಿಮಗೆ ಗೊತ್ತಾಗುತ್ತಿತ್ತು. ನಿಮ್ಮ ಹತ್ತಿರ ಗಾಡಿಗಳೂ ಇದ್ದವು, ರಸ್ತೆಗಳೂ ಇದ್ದವು.

ಇನ್ನು ಮೇಲೆ ಎರಡು ಗಾಡಿಗಳನ್ನು ಹೋಲಿಸುವಾಗ ಹಿಂದಿನ ಸೀಟಿನಲ್ಲಿ ನಿಮ್ಮ ಅವ್ವನನ್ನು ಕೂರಿಸಿಕೊಳ್ಳಿ. ಓಟ ಮುಗಿದ ಮೇಲೆ ಯಾವುದು ಗೆದ್ದಿತೆಂದು ಮೊದಲು ಆಕೆಯನ್ನು ಕೇಳಿ.

ಬರುತ್ತೇನೆ. ಮಗಳನ್ನು ಹಿಂದೆ ಮಲಗಿಸಿದ್ದಾರೆ.

ಶಾವಂತ್ರೆವ್ವ