ಒಪ್ಪಿಗೆಯಿಲ್ಲ ಎಂದು ಬರೆದ ಪುಟ

ಬನ್ನಿಮಂಟಪ, ಮೈಸೂರು
14-11-1998

ಪ್ರೀತಿಯ ಯಜಮಾನರಿಗೆ ಪ್ರೇಮಲೀಲಾ ಮಾಡುವ ನಮಸ್ಕಾರಗಳು.

ಹದಿಮೂರು ತಿಂಗಳಾದ ಮೇಲೆ ನನ್ನ ಕೈಬರಹ ಕಂಡು ಗಾಬರಿಯಾಗಬೇಡಿ. ನಾನೂ ಮಗಳು ಶಿವಾನಿಯೂ ಚೆನ್ನಾಗಿದ್ದೇವೆ. ಒಂದು ಒಳ್ಳೆಯ ಸುದ್ದಿಯಿದೆ. ಆಫೀಸಿನ ಕಾಗದ ಬರುವ ಮುಂಚೆ ನಾನೇ ತಿಳಿಸಬೇಕೆನಿಸಿತು.

ಇವತ್ತು ಬೆಳಿಗ್ಗೆ ನಿಮ್ಮ ಆಫೀಸಿನ ಸೂಪರಿಂಟೆಂಡೆಂಟ್ ಗುರುಸಿದ್ದಯ್ಯನವರು ಬಂದಿದ್ದರು. ಚಪ್ಪಲಿ ಬಿಡುತ್ತಲೇ ಹೇಳಿದರು: "ಆ ಡೀಸೆಲ್ ಕರೆಂಟ್ ಸ್ಥಾವರದ ಕರಾರು ಬಿದ್ದೋಯ್ತು ಕಣಮ್ಮ. ನಿಮ್ಮ ಯಜಮಾನ್ರು, ನಮ್ಮ ಶಿವರುದ್ರಪ್ಪನೋರು ಬರೆದ ಪುಟಾನ ತನಿಖೆ ಸಮಿತಿಯೋರು ಎರಡು ಸಲ ಓದಿಸಿದ್ರಂತೆ."

ನಾನು ಹಾಗೇ ಹೊಸ್ತಿಲ ಪಕ್ಕ ಕೂತುಬಿಟ್ಟೆ. ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಅಷ್ಟಕ್ಕೂ ಆ ಪುಟದಲ್ಲಿ ಇದ್ದದ್ದಾದರೂ ಏನು ಎಂದು ಅವರನ್ನು ಕೇಳಿದೆ. ನೋಡಿ, ಅದರಿಂದಾಗಿ ಇಷ್ಟೆಲ್ಲ ಆದರೂ ಈ ಮಾತನ್ನು ನಿಮ್ಮನ್ನು ನಾನು ಒಂದು ದಿನವೂ ಕೇಳಿರಲಿಲ್ಲ.

ಟೆಂಡರ್ ಕರೆಯದೆ ವಿದ್ಯುತ್ ಮಂಡಳಿಯ ದೊಡ್ಡ ಸಾಹೇಬರು ಒಂದೇ ಕಂಪನಿಯವರನ್ನು ಕೂರಿಸಿಕೊಂಡು ದರ ಮಾತಾಡಿದ್ದರಂತೆ. ಅವರಿಂದ ಕರೆಂಟು ತೆಗೆದುಕೊಂಡರೂ ಸರಿ, ಬಿಟ್ಟರೂ ಸರಿ, ತಿಂಗಳು ತಿಂಗಳು ಇಷ್ಟು ಅಂತ ಕಟ್ಟಲೇಬೇಕೆಂದು ಕರಾರಿನಲ್ಲಿತ್ತಂತೆ. ನನಗೆ ಅರ್ಥವಾಗಲೆಂದು ಗುರುಸಿದ್ದಯ್ಯನವರು, "ಉಂಡ್ರೂ ಉಣ್ಣದೇ ಇದ್ರೂ ಇಪ್ಪತ್ತೈದು ವರ್ಷ ಎಲೆಗೆ ದುಡ್ಡು ಕೊಡ್ಬೇಕು ಅಂತಿತ್ತು ಕಣಮ್ಮ. ಎಲ್ರೂ ಸಹಿ ಹಾಕುದ್ರು. ಅವ್ರೊಬ್ರೇ ಒಪ್ಪಿಗೆಯಿಲ್ಲ ಅಂತ ಬರೆದ್ರು" ಎಂದರು. ಇಷ್ಟೇ ಮಾತು. ಊಟದ ಎಲೆಯ ಲೆಕ್ಕದಲ್ಲಿ ಯಾರಾದರೂ ಹೇಳಿದ್ದರೆ ನನಗೂ ಅಂದೇ ತಿಳಿಯುತ್ತಿತ್ತು.

ಅಂದು ಆ ಪುಟದಿಂದಾಗಿ ಬಂದ ವರ್ಗಾವಣೆಯ ಆದೇಶ ಹಿಡಿದು ನೀವು ಬಂದಾಗ ನಾನು ಆಡಿದ ಮಾತು ನಿಮಗೆ ಮರೆತಿರಲಾರದು. "ನಿಮ್ಮ ಸತ್ಯ ನಿಮ್ಮ ಜೊತೆ ಬರಲಿ, ನಾವು ಬರೋಲ್ಲ" ಅಂದುಬಿಟ್ಟೆ. ಮಾರನೆಯ ದಿನ ಹಾಸಿಗೆ ಸುತ್ತಿಕೊಂಡು ಬೀದರಿನ ಬಸ್ಸು ಹತ್ತಿದಿರಿ. ನಿಮ್ಮ ನಾಲ್ಕು ಕಾಗದಕ್ಕೂ ನಾನು ಉತ್ತರ ಹಾಕಲಿಲ್ಲ. ಶಿವಾನಿ ನನಗೆ ಗೊತ್ತಿಲ್ಲದ ಹಾಗೆ ನಿಮಗೆ ಬರೆಯುತ್ತಿದ್ದಾಳೆಂದು ಗೊತ್ತಿದ್ದೂ ಸುಮ್ಮನಿದ್ದೆ. ಅಂಚೆಚೀಟಿಯನ್ನು ಅವಳ ಕೈಗೆ ಸಿಗುವ ಕಡೆ ಇಡುತ್ತಿದ್ದವಳು ನಾನೇ.

ಜನ ಏನೇನೋ ಆಡಿಕೊಂಡರು. ದೊಡ್ಡ ತಪ್ಪು ಮಾಡದೆ ಯಾರನ್ನಾದರೂ ಅಷ್ಟು ದೂರ ಹಾಕುತ್ತಾರೆಯೇ ಎಂದು ಮಠದಲ್ಲಿ ಒಬ್ಬಾಕೆ ನನ್ನೆದುರೇ ಅಂದಳು. ಹಾಗಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಇನ್ನು ಮೇಲೆ ಬಹಿರಂಗ ಟೆಂಡರ್ ಕರೆದು, ಕೊಟ್ಟಷ್ಟು ಕರೆಂಟಿಗಷ್ಟೇ ದರ ಗೊತ್ತುಮಾಡುತ್ತಾರಂತೆ. ಷರತ್ತುಗಳನ್ನು ಬರೆಯಲು ನಿಮ್ಮನ್ನೇ ಮೈಸೂರಿಗೆ ಕರೆಸುತ್ತಿದ್ದಾರೆ. ಆದೇಶ ಟೈಪಾಗಿದ್ದನ್ನು ಗುರುಸಿದ್ದಯ್ಯನವರೇ ಕಣ್ಣಾರೆ ಕಂಡಿದ್ದಾರೆ. ಅವರು ಹೋದ ಮೇಲೆ ಎಷ್ಟೋ ದಿನಕ್ಕೆ ಹೊಟ್ಟೆ ತುಂಬ ಉಂಡೆ. ಎದೆಯ ಮೇಲಿನ ಗುಂಡುಕಲ್ಲು ಇಳಿಸಿದ ಹಾಗಿದೆ. ಶಿವಾನಿ ಸ್ಕೂಲಿನಿಂದ ಬಂದವಳು ಸುದ್ದಿ ಕೇಳಿ ನಿಮ್ಮ ಕೋಣೆ ಗುಡಿಸಲು ನಿಂತಿದ್ದಾಳೆ.

ನಿಮ್ಮ
ಪ್ರೇಮಲೀಲಾ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಹೋದ ಜನವರಿಯಲ್ಲಿ ನಿಮ್ಮ ಹೆಸರಿನಲ್ಲಿ ನಾನೇ ಒಂದು ಅರ್ಜಿ ಬರೆದೆ: "ನಾನು ಬರೆದದ್ದು ತಪ್ಪು, ಆ ಪುಟವನ್ನು ಹಿಂತೆಗೆದುಕೊಳ್ಳುತ್ತೇನೆ" ಎಂದು. ನಿಮ್ಮ ಸಹಿಯನ್ನೂ ಹಾಕಿದೆ. ಸಾಹೇಬರಿಗೆ ಮುಟ್ಟಿಸಿ ಎಂದು ಗುರುಸಿದ್ದಯ್ಯನವರ ಕೈಗೆ ಕೊಟ್ಟಿದ್ದೆ. ಅವರು ಮುಟ್ಟಿಸಲಿಲ್ಲ. ಇವತ್ತು ವಾಪಸು ಕೊಟ್ಟು ಹೋದರು. ಒಲೆಗೆ ಹಾಕಬಹುದಿತ್ತು, ಹಾಕದೆ ಇದರೊಳಗೆ ಇಟ್ಟಿದ್ದೇನೆ. ಓದಿದ ಮೇಲೂ ಈ ಮನೆಗೆ ಬರಬೇಕೆನಿಸಿದರೆ, ಯಾವತ್ತಿನ ಬಸ್ಸೆಂದು ನನಗೇ ಬರೆಯಿರಿ, ಶಿವಾನಿಗಲ್ಲ.