ಬಿಫೋರ್ ಅಂದರೆ ನಾನು

ಮಾರ್ಚ್ 3, ಸೋಮವಾರ

ಮೊಟ್ಟೆ ಸುಲಿದು ಸುಲಿದು ಉಗುರಿನ ಸಂದಿಯೆಲ್ಲ ಉರಿ. ಅಡುಗೆ ಕೋಣೆಯ ಫ್ಯಾನ್ ಇವತ್ತೂ ತಿರುಗಲಿಲ್ಲ. ಹೆಡ್‌ಮಾಸ್ಟರಿಗೆ ಹೇಳಿದರೆ ಅದೇ ಹಾಡು — "ಅರ್ಜಿ ಹಾಕಿದೀನಿ ಚಿನ್ನಮ್ಮ." ನನ್ನ ಮುಖಾನೇ ಅರ್ಜಿ, ಓದ್ಕೊಳ್ಳಿ ಸಾರ್ ಅಂದೆ. ಬಿಸಿಯೂಟದ ಹೆಂಗಸರೆಲ್ಲ ನಕ್ಕರು. ಅವರೂ ನಕ್ಕರು. ಫ್ಯಾನ್ ಮಾತ್ರ ಹಾಗೇ ಇದೆ.

ಎಂಟನೇ ತಾರೀಖು ಮಹಿಳಾ ದಿನ. ನಮ್ಮ ಬಿಸಿಯೂಟದವರ ಸಂಘದಲ್ಲಿ ಭಾಷಣ ನನ್ನದು. ಘೋಷಣೆ ಸಾಂಬಾರ್ ಕುದಿಯುವಾಗ ಹೊಳೆಯಿತು: ನಮ್ಮ ಸುಕ್ಕು, ನಮ್ಮ ಹಕ್ಕು! ಸಂಘದ ಆಫೀಸು ನೋಡಿಕೊಳ್ಳುವ ಕವನಳಿಗೆ ಫೋನಿನಲ್ಲಿ ಹೇಳಿದೆ. "ಸೂಪರ್ ಅಕ್ಕಾ, ಇದನ್ನೇ ಬ್ಯಾನರ್ ಮಾಡ್ಸಣ" ಅಂತ ಕುಣಿದಳು. ಎಳೇ ಹುಡುಗಿ. ಅವಳಿಗೆ ಸುಕ್ಕು ಅಂದರೆ ಇಸ್ತ್ರಿ ಮಾಡದ ಬಟ್ಟೆ.

ನನಗೆ ಐವತ್ತೆರಡು. ಈ ಮುಖದ ಬಗ್ಗೆ ನಾಚಿಕೆಯಿಲ್ಲ. ಎಂದೂ ಇರಲಿಲ್ಲ.

ಶಾಂತಕ್ಕ ಇವತ್ತೂ ಫೋನ್ ಎತ್ತಲಿಲ್ಲ. ಭದ್ರಾವತಿಯ ಓಲ್ಡ್ ಟೌನಿನಿಂದ ನಮ್ಮ ಜನ್ನಾಪುರಕ್ಕೆ ಎಷ್ಟು ದೂರ? ಒಡಹುಟ್ಟಿದ ಅಕ್ಕ, ಇಷ್ಟು ದಿನ ಮುಖ ತೋರಿಸದೆ ಇದ್ದವಳಲ್ಲ. ಮದುವೆ ಸೀಸನ್. ಅವಳು ಕೆಲಸ ಮಾಡುವ ಶಿವಮೊಗ್ಗದ ಸೀರೆ ಶೋರೂಮಿನಲ್ಲಿ ರಶ್ ಇರಬಹುದು.

ಮಾರ್ಚ್ 4, ಮಂಗಳವಾರ

ವಾಪಸ್ ಬರುವ ಬಸ್ಸಿನಲ್ಲಿ ಕೂತಿದ್ದೇನೆ. ಇಲ್ಲೇ ಬರೆಯುತ್ತೇನೆ.

ಸ್ಕೂಲ್ ಮುಗಿಸಿ ಸಂಘದ ಆಫೀಸಿಗೆಂದು ಶಿವಮೊಗ್ಗಕ್ಕೆ ಹೋದೆ. ಗೋಪಾಳದಲ್ಲಿ ಬಸ್ ಇಳಿದೆ. ಬಿಸಿಲಿಗೆ ಕೈ ಅಡ್ಡ ಹಿಡಿದು ತಲೆ ಎತ್ತಿದೆ.

ನನ್ನ ಮುಖ.

ಎರಡಾಳೆತ್ತರದ ಫ್ಲೆಕ್ಸ್. ಎಡಗಡೆ ನಾನು. ಕೆಳಗೆ ಕೆಂಪಕ್ಷರದಲ್ಲಿ — ಬಿಫೋರ್.

ಈ ಊರಿನಲ್ಲಿ ಫ್ಲೆಕ್ಸ್ ಹತ್ತಬೇಕಾದರೆ ಒಂದೋ ಲೀಡರ್ ಆಗಿ ಹುಟ್ಟುಹಬ್ಬ ಮಾಡಿಕೊಳ್ಳಬೇಕು, ಇಲ್ಲ ಸಾಯಬೇಕು. ನಾನು ಎರಡೂ ಮಾಡಿಲ್ಲ. ಆದರೂ ಅಲ್ಲಿದ್ದೇನೆ. ಹೋದ ವರ್ಷ ಡಿಸಿ ಆಫೀಸಿನ ಮುಂದೆ ಧರಣಿಯಲ್ಲಿ ತೆಗೆದ ಫೋಟೋ. ಮೇ ತಿಂಗಳ ಬಿಸಿಲು. ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಹಣೆ ಗಂಟು, ಕಣ್ಣು ಕಿರಿದು, ಬಾಯಿಯ ಎರಡೂ ಕಡೆ ಗೆರೆ. ಮೇಲೆತ್ತಿದ್ದ ನನ್ನ ಮುಷ್ಟಿಯನ್ನು ಕತ್ತರಿಸಿ ಎಸೆದಿದ್ದಾರೆ. ಗೆರೆ ಮಾತ್ರ ಇಟ್ಟುಕೊಂಡಿದ್ದಾರೆ.

ಬಲಗಡೆ — ಆಫ್ಟರ್. ನುಣ್ಣನೆ ಕೆನ್ನೆ, ಲಿಪ್‌ಸ್ಟಿಕ್ ನಗು, ಕಿವಿಯಲ್ಲಿ ಅಮ್ಮನ ಓಲೆ.

ಶಾಂತಕ್ಕ!

ಕಂಬ ಹಿಡಿದುಕೊಂಡೆ. ಕಣ್ಣುಜ್ಜಿ ಮತ್ತೆ ನೋಡಿದೆ. ಅವಳೇ. "ಕತ್ತರಿಯಿಲ್ಲ, ಹೊಲಿಗೆಯಿಲ್ಲ. ನಿಮ್ಮದೇ ರಕ್ತದಿಂದ ನಿಮ್ಮ ಚರ್ಮಕ್ಕೆ ಮರುಹುಟ್ಟು" ಅಂತ ಮೇಲೆ ಬರೆದಿದ್ದಾರೆ. ಫ್ಲೆಕ್ಸ್ ಕಟ್ಟಿದ ಬಿಲ್ಡಿಂಗಿನ ಮೊದಲ ಮಹಡಿಯಲ್ಲೇ ಸ್ಕಿನ್ ಕ್ಲಿನಿಕ್.

ಶಾಂತಕ್ಕನಿಗೆ ಐವತ್ತಾರು. ಆಫ್ಟರ್ ಅನ್ನಿಸಿಕೊಂಡವಳು ಬಿಫೋರಿಗಿಂತ ನಾಲ್ಕು ವರ್ಷ ದೊಡ್ಡವಳು!

ಅದೇ ದಿನ, ಸಂಜೆ

ಇಬ್ಬರ ಫೋಟೋವನ್ನೂ ಯಾವನೋ ಕದ್ದಿದ್ದಾನೆ. ಅಷ್ಟೇ. ಅಕ್ಕನಿಗೂ ಗೊತ್ತಿರಲಾರದು.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ಎರಡೂ ಕೈಯಿಂದ ಕೆನ್ನೆಯನ್ನು ಕಿವಿಯ ಕಡೆಗೆ ಎಳೆದೆ. ಒಂದು ಗಳಿಗೆ ಅಕ್ಕ ಕಂಡಳು. ಬಿಟ್ಟೆ. ಮತ್ತೆ ನಾನು.

ಅತ್ತುಬಿಟ್ಟೆ. ನಾನು! ಲಾಠಿ ತಿಂದಾಗ ಅಳದವಳು. ಥೂ.

ಮಾರ್ಚ್ 5, ಬುಧವಾರ

ಭದ್ರಾವತಿ ಬಸ್‌ಸ್ಟ್ಯಾಂಡ್. ಒಬ್ಬ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಪಕ್ಕದಲ್ಲೇ ಬಂದು ಕೂತಳು. ದನಿ ತಗ್ಗಿಸಿ —

"ನೀವು ಗೋಪಾಳದ ಬೋರ್ಡಿನವರಲ್ವಾ?"

ಟಿಕೆಟ್ಟಿಗೆ ಚಿಲ್ಲರೆ ಹುಡುಕಿದೆ.

"ಅಯ್ಯೋ, ಎಷ್ಟ್ ಚೆನ್ನಾಗಾಗಿತ್ತಲ್ರೀ! ಇಷ್ಟ್ ಬೇಗ ಇಳ್ದೋಯ್ತಾ?"

"ಏನು ಇಳಿಯೋದು?"

"ಟ್ರೀಟ್‌ಮೆಂಟು! ವಾಪಸ್ ಮೊದ್ಲಿನ ಥರಾನೇ ಆಗಿದೀರಲ್ಲ. ನನ್ ಮಗಳು ನಾಳೆ ಹೋಗ್ಬೇಕು ಅಂತ ಕೂತಿದಾಳೆ ಮಾರಾಯ್ತಿ. ಬೇಡ ಅಂತೀನಿ ತಡೀರಿ." ಅಲ್ಲೇ ಫೋನ್ ತೆಗೆದು ಮಗಳಿಗೆ ಹೇಳಿದಳು. "ಕಣ್ಣಾರೆ ನೋಡ್ತಿದೀನಿ ಕಣೇ, ಏನೂ ಉಳ್ದಿಲ್ಲ!"

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಏನೂ ಉಳಿದಿಲ್ಲವಂತೆ. ಬದುಕಿರುವ ಮುಖ ನೋಡಿಕೊಂಡು ಹೇಳುವ ಮಾತೇ ಇದು!

ಮಾರ್ಚ್ 6, ಗುರುವಾರ

ಓಲ್ಡ್ ಟೌನಿಗೆ ಹೋದೆ. ಶಾಂತಕ್ಕ ಬಾಗಿಲು ತೆರೆದವಳು ನನ್ನನ್ನು ನೋಡಿ ಮತ್ತೆ ಹಾಕಲು ನೋಡಿದಳು. ಕಾಲು ಅಡ್ಡ ಇಟ್ಟೆ. ಪೊಲೀಸ್ ಸ್ಟೇಷನ್ನಿನ ಬಾಗಿಲುಗಳಲ್ಲಿ ಕಲಿತ ವಿದ್ಯೆ.

"ಯಾರೋ ನಮ್ಮಿಬ್ಬರ ಫೋಟೋ ಕದ್ದಿದಾರೆ ಅಕ್ಕ. ಕಂಪ್ಲೇಂಟ್ ಕೊಡಣ ಬಾ."

"ಯಾರೂ ಕದ್ದಿಲ್ಲ ಚಿನ್ನಿ. ನಾನೇ ಕೊಟ್ಟೆ."

ನೆಲದ ಮೇಲೆ ಕೂತುಬಿಟ್ಟೆ.

ಹೇಳಿದಳು. ಶೋರೂಮಿಗೆ ಹೊಸ ಮ್ಯಾನೇಜರ್ ಬಂದಿದ್ದಾನೆ. ದೀಪಾವಳಿ ಆದಮೇಲೆ ಅವಳನ್ನು ರೇಷ್ಮೆ ಕೌಂಟರಿನಿಂದ ಎತ್ತಿ ಮೇಲಿನ ಗೋಡೌನಿಗೆ ಹಾಕಿದ. ಕೌಂಟರಿನಲ್ಲಿ ಫ್ರೆಶ್ ಮುಖ ಬೇಕಂತೆ. ಗಂಡ ಸತ್ತಮೇಲೆ ಅದೇ ಕೌಂಟರಿನಲ್ಲಿ ನಿಂತು ಬದುಕಿದವಳು ಇವಳು. ಅರ್ಧ ಶಿವಮೊಗ್ಗಕ್ಕೆ ಧಾರೆ ಸೀರೆ ಆರಿಸಿಕೊಟ್ಟವಳು. ಗೋಡೌನಿನಲ್ಲಿ ಕಿಟಕಿಯಿಲ್ಲ, ಕೂರಲು ಸ್ಟೂಲಿಲ್ಲ, ಮಾತಾಡಿಸುವ ಗಿರಾಕಿಯಿಲ್ಲ. ಆಗ ಈ ಕ್ಲಿನಿಕ್ಕಿನವರು ಸೀರೆ ತೆಗೆಯಲು ಬಂದಿದ್ದಾರೆ. ಜಾಹೀರಾತಿಗೆ ಫೋಟೋ ಕೊಟ್ಟರೆ ಟ್ರೀಟ್‌ಮೆಂಟ್ ಪುಕ್ಕಟೆ ಅಂದಿದ್ದಾರೆ.

"ಏನು ಟ್ರೀಟ್‌ಮೆಂಟು?"

"ತೋಳಿಂದ ರಕ್ತ ತೆಗೀತಾರೆ. ಮಿಷನ್ನಿಗೆ ಹಾಕಿ ತಿರುಗಿಸ್ತಾರೆ. ಮೇಲೆ ಹಳದಿ ನೀರು ನಿಲ್ತದೆ. ಅದನ್ನ ಸಣ್ಣ ಸಣ್ಣ ಸೂಜೀಲಿ ಮುಖಕ್ಕೆ ಚುಚ್ತಾರೆ. ನನ್ ರಕ್ತ ನನ್ ಮುಖಕ್ಕೆ. ಇದ್ರಲ್ಲಿ ಯಾರ ಶೋಷಣೆ ಆಯ್ತು ಹೇಳೇ, ಹೋರಾಟಗಾರ್ತಿ?"

ಅವಳ ಕೆನ್ನೆಯನ್ನು ಹತ್ತಿರದಿಂದ ನೋಡಿದೆ.

"ಆದ್ರೆ ಫೋಟೋದಲ್ಲಿ ವ್ಯತ್ಯಾಸಾನೇ ಕಾಣ್ಲಿಲ್ಲ. ಮುಟ್ಟಿದ್ರೆ ಮೆತ್ತಗಿದೆ, ಅಷ್ಟೇ. ಫ್ಲೆಕ್ಸಿನ ಹುಡುಗ ಇದು ನಡೆಯಲ್ಲ ಅಂದ. ಇನ್ನೂ ಹಳೇದು, ಇನ್ನೂ ಕೆಟ್ಟದಾಗಿರೋದು ಕೊಡಿ ಅಂದ. ಮೊಬೈಲಲ್ಲಿ ನಿಂದಿತ್ತು…"

ಇನ್ನೂ ಕೆಟ್ಟದಾಗಿರೋದು!

"ಅಕ್ಕತಂಗೀರು ಒಂದೇ ಅಚ್ಚು, ಯಾರಿಗೆ ಗೊತ್ತಾಗ್ತದೆ ಅಂದ್ಕೊಂಡೆ. ಕ್ಲಿನಿಕ್ ಒಳಗೆ ಹಾಕ್ತಾರೆ ಅಂದ್ಕೊಂಡೆ ಕಣೇ. ರೋಡಿಗೆ ಹಾಕ್ತಾರೆ ಅಂತ ಅಮ್ಮನಾಣೆ ಗೊತ್ತಿರ್ಲಿಲ್ಲ."

"ನಾಳೆ ಹೋಗಿ ಹರಿದು ಹಾಕ್ತೀನಿ."

ಅಕ್ಕ ನನ್ನ ಕೈ ಹಿಡಿದಳು. ಫ್ಲೆಕ್ಸ್ ಹಾಕಿದಮೇಲೆ ಗಿರಾಕಿಗಳೇ ಅವಳನ್ನು ಹುಡುಕಿಕೊಂಡು ಬರುತ್ತಿದ್ದಾರಂತೆ. ಮ್ಯಾನೇಜರ್ ಅವಳನ್ನು ಕೆಳಗೆ ಇಳಿಸಿ ಮತ್ತೆ ರೇಷ್ಮೆ ಕೌಂಟರಿನಲ್ಲಿ ನಿಲ್ಲಿಸಿದ್ದಾನೆ. ಮೋಸ ಅಂತ ಗೊತ್ತಾದರೆ ಗೋಡೌನೂ ಇಲ್ಲ. ನೇರ ಮನೆ.

"ನೀನು ಹಕ್ಕು ಹಕ್ಕು ಅಂತ ಮೈಕಲ್ಲಿ ಕೂಗ್ತೀಯ. ನನ್ ಸುಕ್ಕಿಗೆ ಗೋಡೌನ್ ಕೊಟ್ರು ಚಿನ್ನಿ. ಆವಾಗ ಎಲ್ಲಿದ್ದೆ?"

ಟೀ ಕುಡಿಯದೆ ಎದ್ದು ಬಂದೆ.

ಮಾರ್ಚ್ 9, ಭಾನುವಾರ

ನಿನ್ನೆ ಮಹಿಳಾ ದಿನ. ಮೈಕ್ ಹಿಡಿದೆ. ಬ್ಯಾನರಿನ ಮೇಲೆ ನನ್ನದೇ ಘೋಷಣೆ. ಮೊದಲ ಸಾಲಿನಿಂದ ಯಾರೋ ಪಿಸುಗುಟ್ಟಿದರು — ಬಿಫೋರ್, ಬಿಫೋರ್. ಕಿಸಕ್ಕನೆ ನಗು. ಇಪ್ಪತ್ತು ವರ್ಷದ ಚಳವಳಿಯಲ್ಲಿ ಮೊದಲ ಸಲ ಮೈಕ್ ವಾಪಸ್ ಕೊಟ್ಟೆ.

ಸಂಘದ ಅಧ್ಯಕ್ಷ ಪುಟ್ಟಯ್ಯನವರು ಪ್ರೆಸ್‌ಮೀಟ್ ಅನ್ನುತ್ತಾರೆ. "ಒಳ್ಳೇ ಕೇಸ್ ಚಿನ್ನಮ್ಮ. ಕ್ಲಿನಿಕ್ಕಿನ ಬಣ್ಣ ಬಯಲು ಮಾಡಣ. ಫೋಟೋ ಯಾರು ಕೊಟ್ರು ಅಂತ ಮಾತ್ರ ಹೇಳ್ಬೇಕಾಗ್ತದೆ."

ಆಗಲ್ಲ ಅಂದೆ.

"ಅಕ್ಕಾ, ಬೇರೆಯವರ ಮನೆ ವಿಷಯ ಆಗಿದ್ರೆ ಬಿಡ್ತಿದ್ರಾ?" ಕವನ ಕೇಳಿದಳು. ನೇರ ಮುಖ ನೋಡಿ ಕೇಳಿದಳು. ನಾನೇ ಕಲಿಸಿದ್ದು ಹಾಗೆ ಕೇಳು ಅಂತ.

ಬಿಡುತ್ತಿರಲಿಲ್ಲ.

ಮಾರ್ಚ್ 12, ಬುಧವಾರ

ನಂಬಲಿಕ್ಕೆ ಆಗುತ್ತಿಲ್ಲ. ಕ್ಲಿನಿಕ್ಕಿನ ಡಾಕ್ಟರೇ ಸ್ಕೂಲಿನ ಅಡುಗೆ ಕೋಣೆಗೆ ಬಂದಿದ್ದಳು! ಡಾಕ್ಟರ್ ಅನುಷಾ. ಮೂವತ್ತರ ಆಸುಪಾಸಿನ ಹುಡುಗಿ. ಹೊಗೆಗೆ ಕೆಮ್ಮುತ್ತಲೇ ಕೈ ಮುಗಿದಳು.

"ಸಾರಿ ಮೇಡಂ. ಫೋಟೋ ನಿಮ್ದು ಅಂತ ನಂಗೆ ಮೊನ್ನೆವರೆಗೂ ಗೊತ್ತಿರ್ಲಿಲ್ಲ. ಟ್ರೀಟ್‌ಮೆಂಟ್ ಸುಳ್ಳಲ್ಲ. ಸ್ವಲ್ಪ ಹೆಲ್ಪ್ ಆಗ್ತದೆ. ಆದ್ರೆ ಸ್ವಲ್ಪ ಅನ್ನೋದನ್ನ ಫ್ಲೆಕ್ಸಲ್ಲಿ ತೋರ್ಸಕ್ಕಾಗಲ್ಲ."

"ಮತ್ತೆ ಇಳಿಸು."

ಇಳಿಸಲು ಹೆದರುತ್ತಾಳೆ. ಇಳಿಸಿದರೆ ಸುಳ್ಳು ಅಂತ ಒಪ್ಪಿಕೊಂಡ ಹಾಗೆ. ನಿಮಗೂ ಪುಕ್ಕಟೆ ಮಾಡಿಕೊಡುತ್ತೇನೆ ಅಂದಳು. ಆಗ ಫ್ಲೆಕ್ಸಿನ ಮಾತು ಅರ್ಧವಾದರೂ ನಿಜವಾಗುತ್ತದಂತೆ.

ಆಗ ನನ್ನ ಬಾಯಿಂದ ಹೊರಟ ಮಾತು — "ನೋವಾಗ್ತದಾ?"

ನಾನೇ ಕೇಳಿದ್ದು! ಸೌಟು ಹಿಡಿದ ಕೈ ಹಾಗೇ ನಿಂತಿತು. ಮೊಟ್ಟೆ ಸುಲಿಯುತ್ತಿದ್ದ ಹೆಂಗಸರೆಲ್ಲ ನನ್ನ ಕಡೆ ನೋಡಿದರು. ಈ ಪ್ರಶ್ನೆ ಎಲ್ಲಿ ಅಡಗಿ ಕೂತಿತ್ತು ಇಷ್ಟು ದಿನ? ಅಕ್ಕನ ಮನೆ ಟೀ ಮುಟ್ಟದೆ ಬಂದ ಬಾಯಿ ಇದೇ ತಾನೆ?

ಅವಳಿಗೆ ಧೈರ್ಯ ಬಂತು. "ಯೋಚ್ನೆ ಮಾಡಿ ಮೇಡಂ. ಅಲ್ಲೀವರೆಗೆ… ತಪ್ಪು ತಿಳ್ಕೋಬೇಡಿ… ಗೋಪಾಳದ ಕಡೆ ಓಡಾಡದೆ ಇದ್ರೆ ಒಳ್ಳೇದು. ನಿಮ್ಮನ್ನ ನೋಡ್ದೋರು ಎಫೆಕ್ಟ್ ಹೋಯ್ತು ಅಂತ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡ್ತಿದಾರೆ."

ಸೌಟು ಕೆಳಗಿಟ್ಟೆ.

ನನ್ನ ಮುಖ ಅಲ್ಲಿ ರಾತ್ರಿ ಹಗಲು ನೇತಾಡಬಹುದು. ಆ ಮುಖ ಹೊತ್ತವಳು ಆ ಬೀದಿಯಲ್ಲಿ ನಡೆಯಬಾರದು! ಊರು ಬಿಡಿ ಅಂತ ದೊಡ್ಡವರು ಹೇಳುವುದನ್ನು ಕೇಳಿದ್ದೇನೆ. ಮುಖ ಬಿಡಿ ಅಂತ ಹೇಳಿದ್ದು ಇದೇ ಮೊದಲು.

"ನಾಳೆಯಿಂದ ಅಲ್ಲೇ ಕೂರ್ತೀನಿ" ಅಂದೆ.

ಮಾರ್ಚ್ 15, ಶನಿವಾರ

ಮೂರನೇ ದಿನ. ಸ್ಕೂಲ್ ಮುಗಿಸಿ ಬಂದು ಫ್ಲೆಕ್ಸಿನ ಕೆಳಗೆ ಕೂರುತ್ತೇನೆ. ಬೋರ್ಡಿಲ್ಲ, ಘೋಷಣೆಯಿಲ್ಲ. ಅಕ್ಕನ ಹೆಸರು ಎತ್ತಬಾರದು ಅಂತ ಬಾಯಿ ಮುಚ್ಚಿದ್ದೇನೆ. ಬರೀ ಮುಖ ಇಟ್ಟುಕೊಂಡು ಕೂತಿದ್ದೇನೆ.

ಪಕ್ಕದ ಟೀ ಅಂಗಡಿಯ ಮಲ್ಲಿಕ್ ತಾನು ರಂಜಾನ್ ಉಪವಾಸದಲ್ಲಿದ್ದರೂ ನನಗೆ ಟೀ ಕೊಟ್ಟ. "ಮೇಲೆ ಫೋಟೋ, ಕೆಳಗೆ ಒರಿಜಿನಲ್ಲು. ಏನು ಶಾನ್ ಅಕ್ಕ ನಿಮ್ದು!" ಅಂದ. ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕೆ. ಜನ ನಿಲ್ಲುತ್ತಾರೆ. ಮೇಲೆ ನೋಡುತ್ತಾರೆ, ಕೆಳಗೆ ನೋಡುತ್ತಾರೆ. ಒಬ್ಬಳು ಕಾಲೇಜು ಹುಡುಗಿ ಹತ್ತಿರ ಬಂದು, "ಆಂಟಿ, ನೀವು ಈ ಫೋಟೋದಲ್ಲಿ ಏನು ಕೂಗ್ತಿದ್ರಿ?" ಅಂತ ಕೇಳಿದಳು. ಇಷ್ಟು ಜನರಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ.

"ಸಂಬಳ" ಅಂದೆ.

ಮಾರ್ಚ್ 16, ಭಾನುವಾರ

ಸಂಜೆ ಬಂದಳು. ಶಾಂತಕ್ಕ. ಶೋರೂಮಿನ ಯೂನಿಫಾರ್ಮ್ ಸೀರೆ, ಎದೆಗೆ ಹೆಸರಿನ ಬಿಲ್ಲೆ. ನಾನು ಹೆದರಿ ಎದ್ದೆ. "ಹೋಗೇ, ಯಾರಾದ್ರೂ ನೋಡ್ತಾರೆ!" ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕ ಕಲ್ಲಿನ ಮೇಲೆ ಕೂತಳು. ಆಫ್ಟರಿನ ಕೆಳಗೆ ಆಫ್ಟರ್.

"ಮ್ಯಾನೇಜರ್ ಈ ರೋಡಲ್ಲಿ ಬಂದಿದ್ನಂತೆ. ಬೋರ್ಡಿನ ಕೆಳಗೆ ಕೂತಿದಾಳಲ್ಲ ಆ ಮುದುಕಿ, ನಿನಗೇನಾಗ್ಬೇಕು ಅಂದ. ತಂಗಿ ಅಂದೆ. ಬಿದ್ದು ಬಿದ್ದು ನಕ್ಕ. ತಾಯಿ ಥರ ಇದಾಳೆ, ಮೊದ್ಲು ಅಲ್ಲಿಂದ ಎಬ್ಸು, ಯುಗಾದಿ ಸೇಲ್ ಹಾಳಾಗ್ತದೆ ಅಂದ." ಉಸಿರು ಎಳೆದುಕೊಂಡಳು. "ಮೈಯೆಲ್ಲ ಉರಿದೋಯ್ತು ಕಣೇ. ಅವನ ನಗು ಕೇಳಿ ಅಲ್ಲ. ಆ ನಗೂಗೆ ಫೋಟೋ ಕೊಟ್ಟೋಳು ನಾನೇ."

ಜನ ಸೇರಿದ್ದರು. ಒಬ್ಬಳು ಕೇಳಿಯೇಬಿಟ್ಟಳು, "ಇಬ್ಬರೂ ಬೇರೆ ಬೇರೇನಾ? ಹಂಗಾದ್ರೆ ದೊಡ್ಡೋರು ಯಾರು?"

ನಾನು ಅಕ್ಕನ ಮಂಡಿ ಒತ್ತಿದೆ. ಬೇಡ ಅಂತ. ಅಕ್ಕ ಎದ್ದು ನಿಂತಳು.

"ನಾನು. ಐವತ್ತಾರು. ಇವಳು ನನ್ ತಂಗಿ. ಇವಳು ಬಿಸಿಲಲ್ಲಿ ನಿಂತಳು, ನಾನು ಫ್ಯಾನಿನ ಕೆಳಗೆ ನಿಂತೆ. ಈ ಬೋರ್ಡಲ್ಲಿರೋದು ಅಷ್ಟೇ ವ್ಯತ್ಯಾಸ."

ಗಿಜಿಗಿಜಿ. ಯಾರೋ ವಿಡಿಯೋ ಮಾಡಿದರು. ಮಹಡಿಯ ಕಿಟಕಿಯಲ್ಲಿ ಡಾಕ್ಟರ್ ಅನುಷಾ. ಕ್ಲಿನಿಕ್ಕಿನ ಹುಡುಗರು ಏಣಿ ತಂದು ಫ್ಲೆಕ್ಸಿನ ಹಗ್ಗ ಬಿಚ್ಚಿದರು. ನನ್ನ ಮುಖ ಮೊದಲು ಮಡಚಿಕೊಂಡಿತು, ಆಮೇಲೆ ಅವಳದ್ದು.

ಅಕ್ಕನ ಜೊತೆ ಬಸ್ ಹತ್ತಿದೆ. ಭದ್ರಾವತಿಯ ಫ್ಯಾಕ್ಟರಿ ಗೇಟ್ ದಾಟಿದಮೇಲೆ ಕೇಳಿದಳು — "ಗೋಡೌನಲ್ಲಿ ನನ್ ಥರದೋರು ಇನ್ನೂ ಇದಾರೆ ಚಿನ್ನಿ. ಸಂಘ ಅಂದ್ರೆ ಮೊದ್ಲು ಏನು ಮಾಡ್ಬೇಕು?"

ದಿಗಿಲಾಯಿತು. ನಾನು ಇಷ್ಟು ವರ್ಷ ಊರಿಗೆಲ್ಲ ಹೇಳಿದ್ದೇನೆ, ಅಕ್ಕನಿಗೆ ಒಮ್ಮೆಯೂ ಹೇಳಿಲ್ಲ.

"ಮೊದ್ಲು ಒಟ್ಟಿಗೆ ಹೊರಗೆ ಬರ್ಬೇಕು" ಅಂದೆ.

ಮಾರ್ಚ್ 17, ಸೋಮವಾರ, ಮಧ್ಯಾಹ್ನ

ರಜೆ ಹಾಕಿದ್ದೇನೆ. ಶೋರೂಮಿನ ಹಿಂದಿನ ಗೇಟು. ಮೋಟುಗೋಡೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಕ ಬೆಳಿಗ್ಗೆ ಒಳಗೆ ಹೋದವಳು. ಕೌಂಟರಿಗೆ ಹೋಗಲಿಲ್ಲವಂತೆ, ಯಾರೂ ಹೇಳುವ ಮೊದಲೇ ತಾನಾಗಿ ಗೋಡೌನಿನ ಮೆಟ್ಟಿಲು ಹತ್ತಿದಳಂತೆ. ವಾಚ್‌ಮನ್ ಹೇಳಿದ. ಆಮೇಲೆ ಸುದ್ದಿಯಿಲ್ಲ. ಮ್ಯಾನೇಜರಿನ ಕೂಗು ಮಾತ್ರ ಕೇಳುತ್ತಿದೆ.

ಕವನ ಬ್ಯಾನರ್ ತಂದಿದ್ದಾಳೆ, ಮಹಿಳಾ ದಿನದ್ದೇ. ಇನ್ನೂ ಬಿಚ್ಚಿಲ್ಲ. ಅಕ್ಕ ಒಬ್ಬಳೇ ಇಳಿದು ಬಂದರೆ ಅವಳ ಮುಖ ಹೇಗೆ ನೋಡಲಿ?

ಒಳಗೆ ಕಬ್ಬಿಣದ ಮೆಟ್ಟಿಲಿನ ಮೇಲೆ ಸದ್ದು. ಚಪ್ಪಲಿ. ನಿಧಾನ. ಒಬ್ಬಳದ್ದಲ್ಲ, ಹಿಂದೆ ಇನ್ನೂ… ಇನ್ನೂ ಬರುತ್ತಲೇ ಇದೆ… ಕವನಾ, ಬಿಚ್ಚೇ ಆ ಬ್ಯಾನರ್—